ಕಾಗವಾಡದ ಸಮುದ್ರಕ್ಕೆ ಆಳು ಆರಿಸಿದ ಭಾಗ್ಯಾ

ಕಾಗವಾಡದಿಂದ ಮೀರಜಿಗೆ ಹೋಗುವ ರಸ್ತೆಯ ಆ ಖಾನಾವಳಿಯಲ್ಲಿ ಇನ್ನೂ ಒಲೆ ಹೊತ್ತಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಸಾಗುತ್ತಿವೆ. ಒಳಗೆ ಭಾಗ್ಯಾ ಕಸಬರಿಗೆಯನ್ನು ಗೋಡೆಗೆ ಆನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿರುವ ಗಾಜಿನ ಪೆಟ್ಟಿಗೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದಾಳೆ. ಎರಡಡಿ ಉದ್ದದ ಪೆಟ್ಟಿಗೆ. ಒಳಗೆ ಉಪ್ಪುನೀರು, ಮರಳು, ಕಲ್ಲು, ಕೇಸರಿ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಒಂದು ಜೋಡಿ ಮೀನು, ಹೂವಿನಂತೆ ಅರಳುವ ಒಂದು ಹವಳ. ಸಮುದ್ರವನ್ನೇ ಕಂಡಿಲ್ಲದ ಭಾಗ್ಯಾ ಬೆಳಗಾದರೆ ಮೊದಲು ನೋಡುವುದು ಈ ಸಮುದ್ರವನ್ನು.

"ಬರ್ರಿ, ಹಾಜರಿ ಕೊಡ್ರಿ," ಎನ್ನುತ್ತಾ ಬೆರಳಿನಿಂದ ಗಾಜಿನ ಮೇಲೆ ಒಂದೊಂದನ್ನೇ ಗುರುತಿಸುತ್ತಾಳೆ. "ಇದೊಂದು ಮ್ಯಾಲ ಹತ್ತೇತಿ. ಇವೆರಡು ಕಲ್ಲಿನ ಬಾಜೂಕ ಅದಾವು. ಉಸುಕಿನ್ಯಾಗ ಇರೂವು ಇನ್ನೂ ಎದ್ದಿಲ್ಲ, ಅವು ಊಟದ ವಾಸನಿ ಬರೂತನಕ ಏಳೂದಿಲ್ಲ, ಪಕ್ಕಾ ಮೈಗಳ್ಳರು."

ಇವರೆಲ್ಲ ಬಸವನಹುಳುಗಳು ಮತ್ತು ಏಡಿಗಳು. ಕಲ್ಲಿನ ಮೇಲಿನ ಪಾಚಿ, ಮೀನು ತಿಂದು ಬಿಟ್ಟ ಎಂಜಲು, ಮರಳಿನೊಳಗಿನ ಹೊಲಸು ತಿಂದು ನೀರನ್ನು ಹಸನಾಗಿಡುವ ಪೌರಕಾರ್ಮಿಕರು ಎನ್ನಿ. ಈ ಪಡೆಯನ್ನು ಆರಿಸಿ ತಂದವಳು ಭಾಗ್ಯಾ. ಇವರು ಬರದೇ ಹೋಗಿದ್ದರೆ ಹವಳವೂ ಮೀನೂ ಅಂಗಡಿಗೆ ವಾಪಸು ಹೋಗಿ, ಈ ಮೂಲೆಯಲ್ಲಿ ಇಷ್ಟೊತ್ತಿಗೆ ತಂಪುಪಾನೀಯದ ಕಪಾಟು ನಿಂತಿರುತ್ತಿತ್ತು.

ಭಾಗ್ಯಾ ಮುಗಳಖೋಡದ ಕಡೆಯ ಕುರಿಗಾರರ ಮಗಳು. ಖಾನಾವಳಿಯಲ್ಲಿ ನೆಲ ಗುಡಿಸುವುದು, ಮೇಜು ಒರೆಸುವುದು, ತಾಟು ತೊಳೆಯುವುದು ಅವಳ ಕೆಲಸ. ಅವಳು ಒರೆಸಿದ ಮೇಜಿನ ಮೇಲೆ ನೊಣ ಕೂತರೂ ಜಾರಿ ಬೀಳುತ್ತದೆ ಎಂದು ರೊಟ್ಟಿ ಬಡಿಯುವ ಹೆಂಗಸರು ಕಾಡಿಸುತ್ತಾರೆ. ಕಸ ಎಂದರೆ ಅವಳಿಗೆ ಜನ್ಮದ ವೈರಿ. ಮುಂದೆ ಆದ ಎಡವಟ್ಟಿಗೆ ಈ ವೈರವೇ ಕಾರಣವಾಯಿತು.

ಪೆಟ್ಟಿಗೆ ತಂದವರು ಮಾಲೀಕ ಧರೆಪ್ಪ. ಐನಾಪುರದಲ್ಲಿ ದ್ರಾಕ್ಷಿ ತೋಟ ಇರುವ ಮನೆತನ. ಒಣದ್ರಾಕ್ಷಿ ಮಾರಲು ಸಾಂಗಲಿಗೆ ಹೋದಾಗ ಒಬ್ಬ ವ್ಯಾಪಾರಿಯ ಮನೆಯಲ್ಲಿ ಇಂಥದ್ದನ್ನು ಕಂಡು ಮನಸ್ಸು ಸೋತು ಬಂದರು. ಗಿರಾಕಿಗಳಿಗೋ ಇದು ದೊಡ್ಡ ತಮಾಷೆ. "ಬೋರ್ಡಿನ್ಯಾಗ ಶುದ್ಧ ಶಾಕಾಹಾರಿ ಅಂತ ಬರಸೀರಿ, ಮೀನಾ ಯಾವಾಗ ಕರೀತೀರಿ?" ಎಂದು ಕೇಳುವವರು ಕೆಲವರಾದರೆ, ಕಣ್ಣು ತಪ್ಪಿಸಿ ಒಳಗೆ ರೊಟ್ಟಿಯ ಚೂರು ಹಾಕುವವರು ಹಲವರು.

ನೀರು ಮಬ್ಬಾಗತೊಡಗಿದಾಗ ಧರೆಪ್ಪ ಮೀರಜಿನ ಅಂಗಡಿಯಿಂದ ಒಂದು ಡಬ್ಬಿಯ ತುಂಬ, ಹತ್ತಿರ ಹತ್ತಿರ ನಲವತ್ತು, ಬಸವನಹುಳು ತಂದು ಸುರಿದರು. ಕಬ್ಬಿನ ನಾಡಿನವರ ಲೆಕ್ಕಾಚಾರ ಅದು. "ಕಬ್ಬ ಕಡ್ಯಾಕ ಗ್ಯಾಂಗ ದೊಡ್ಡದಿದ್ರ ಕೆಲಸಾ ಲಗೂನ ಮುಗೀತೈತಲ್ರಿ? ಇದೂ ಹಂಗ ಅನ್ಕೊಂಡೆ," ಎಂದು ಈಗ ಅವರೇ ನಗುತ್ತಾರೆ.

ಭಾಗ್ಯಾಳ ಲೆಕ್ಕವೇ ಬೇರೆ. ತಾನು ಇರುವಾಗ ಸ್ವಚ್ಛ ಮಾಡಲು ಬೇರೆ ಆಳೇ? ಅವಳಿಗೆ ಅದು ನಾಚಿಕೆಗೇಡು. ದಿನಾ ನಸುಕಿನಲ್ಲಿ ಹಲ್ಲುಜ್ಜುವ ಬ್ರಶ್ ಹಿಡಿದು ನಾಲ್ಕೂ ಗಾಜು, ಕೈಗೆಟುಕಿದಷ್ಟು ಕಲ್ಲು, ಎಲ್ಲವನ್ನೂ ಫಳಫಳ ಉಜ್ಜಿಬಿಡುತ್ತಿದ್ದಳು. "ಹುಳಾ ಬಂದು ನನ್ನ ಕೆಲಸಾ ಮಾಡಬೇಕೇನ್ರಿ? ಅವು ಏಳೂದ್ರೊಳಗ ನಾ ಮುಗಿಸಿರ್ತಿದ್ದೆ," ಎನ್ನುವಾಗ ಅವಳಿಗೇ ನಗು ತಡೆಯುವುದಿಲ್ಲ.

ಆಗ ಮಾತ್ರ ನಗುವಂತಿರಲಿಲ್ಲ. ಹುಳುಗಳು ಒಂದೊಂದಾಗಿ ಉದುರಿದವು. ಕಲ್ಲಿನ ಸಂದಿಯಲ್ಲಿ ಸತ್ತವು ಅಲ್ಲೇ ಕೊಳೆತವು. ನೀರು ನಾರಿತು. ಆ ಕೊಳೆಯನ್ನೇ ಉಂಡು ಕೂದಲಿನಂಥ ಹಸಿರು ಪಾಚಿ ಬೆಳೆದು ಹವಳವನ್ನು ಸುತ್ತಿಕೊಂಡಿತು. ಅರಳಿದ್ದ ಹವಳ ಮುಷ್ಟಿ ಬಿಗಿದಂತೆ ಮುಚ್ಚಿಕೊಂಡಿತು. ಊಟಕ್ಕೆ ಬಂದವರು ಮೂಗು ಮುಚ್ಚುವಂತಾದ ಮೇಲೆ ಧರೆಪ್ಪ ಬಡಿಗನನ್ನು ಕರೆಸಿ, ಆ ಮೂಲೆಗೆ ತಂಪುಪಾನೀಯದ ಕಪಾಟು ಮಾಡಿಸಲು ಅಳತೆ ತೆಗೆಸಿದರು.

"ಬಂದಾಗ ಆ ಹವಳಾ ಹೆಬ್ಬೆಟ್ಟಿನಷ್ಟಿತ್ರಿ. ಈಗ ಅಂಗೈಯಷ್ಟ ಆಗೈತಿ. ಕಣ್ಣಾಗ ಕಣ್ಣಿಟ್ಟು ಬೆಳಿಸೀನಿ. ಬಡಿಗ್ಯಾ ಟೇಪ ಹಿಡಿದಾಗ ನನ್ನ ಎದಿ ಒಡೀತ್ರಿ," ಎನ್ನುತ್ತಾಳೆ ಭಾಗ್ಯಾ. ಅಂದು ಮುಸುರೆ ತಿಕ್ಕುತ್ತಾ ಅತ್ತಳಂತೆ.

ಆಗ ದಿಗ್ಗೇವಾಡಿಯಲ್ಲಿ ಕುರಿ ಬಿಟ್ಟುಕೊಂಡಿದ್ದ ತಂದೆ ಗಂಗಾರಾಮನಿಗೆ ಫೋನು ಹಚ್ಚಿ ಗೋಳು ತೋಡಿಕೊಂಡಳು. ಗೊಬ್ಬರಕ್ಕೆಂದು ರೈತರ ಹೊಲದಲ್ಲಿ ಕುರಿ ತರುಬುತ್ತಾ ಊರೂರು ತಿರುಗುವ ಮುದುಕ ಅವನು. ಸಮಾಧಾನದ ಮಾತು ಬರುತ್ತದೆಂದು ಕಾದವಳಿಗೆ ಸಿಕ್ಕಿದ್ದು ಪ್ರಶ್ನೆ.

"ಅವು ಏನ್ ಮೇಯ್ತಾವ್ಬೇ?"

"ಹಾವಸಿ, ಕಲ್ಲಿನ ಮ್ಯಾಲಿನ ಪಾಚಿ."

"ಅದು ಎಷ್ಟಿತ್ತು?"

"ಎಲ್ಲಿದಪ್ಪಾ, ನಾ ದಿನಾ ತಿಕ್ಕಿ ತಗೀತಿದ್ದೆ."

ಗಂಗಾರಾಮ, "ಹಂಗಾದ್ರ ಅವು ರೋಗ ಬಂದು ಸತ್ತಿಲ್ಲ ಯವ್ವಾ, ಹಸ್ತು ಸತ್ತಾವು," ಎಂದ.

ಮರುದಿನ ಭಾಗ್ಯಾ ಧರೆಪ್ಪನವರ ಎದುರು ನಿಂತಳು. "ಸಾವಕಾರ್ರ, ತಪ್ಪು ನಂದೈತಿ. ಒಂದ ಸಲ ನನ್ನ ಕೈಯಾಗ ಕೊಟ್ಟು ನೋಡ್ರಿ. ಆಳು ನಾ ಆರಿಸ್ತೀನಿ." ಕಪಾಟು ತಯಾರಾಗಿ ಬರುವತನಕ ನೋಡೋಣ ಎಂದರು ಧರೆಪ್ಪ.

ಮೊದಲು ಅವಳು ಉದ್ದ ಪಾಚಿಯನ್ನು ಕಳೆ ಕಿತ್ತ ಹಾಗೆ ಕೈಯಿಂದಲೇ ಕಿತ್ತಳು, ಏಕೆಂದರೆ ಅಷ್ಟುದ್ದದ್ದನ್ನು ಯಾವ ಹುಳುವೂ ಮೇಯುವುದಿಲ್ಲ. ಸತ್ತವನ್ನು ಹುಡುಕಿ ತೆಗೆದು, ಬಾರಿ ಬಾರಿಗೂ ಸ್ವಲ್ಪ ಸ್ವಲ್ಪ ನೀರು ಬದಲಿಸಿದಳು. ನಂತರ ಬಸ್ಸು ಹತ್ತಿ ಮೀರಜಿಗೆ ಹೋದಳು. ಅಂಗಡಿಯ ಲಖನ ಏನು ಬೇಕೆಂದು ಮರಾಠಿಯಲ್ಲಿ ಕೇಳಿದ, ಇವಳು ಮರಾಠಿಯಲ್ಲೇ ಜಗ್ಗಾಡಿದಳು. ಗಾಜು ಕಚ್ಚಿ ಹಿಡಿದು ಹತ್ತುವಂಥ ಹುಳುಗಳನ್ನೇ ತೋರಿಸಿದಳು. ಅವನ್ನು ಮರಳಿನ ಮೇಲೆ ಅಂಗಾತ ಇಡಿಸಿ, ತಾವಾಗಿ ಮಗುಚಿ ಎದ್ದವನ್ನು ಮಾತ್ರ ಒಪ್ಪಿದಳು. "ಅಂಗಾತ ಬಿದ್ದ ಕುರಿ ಏಳಲಿಲ್ಲಂದ್ರ ಅದರ ಕತಿ ಮುಗೀತು. ಇವೂ ಹಂಗ," ಎನ್ನುವುದು ಅವಳ ವಿವರಣೆ. ಮರಳು ಕೆದಕಲು ಬೇರೆ ಜಾತಿಯ ಮೂರು ಹುಳು ಆರಿಸಿದಳು. ಖಾಲಿ ಶಂಖದಲ್ಲಿ ಮನೆ ಮಾಡುವ ಎರಡು ಪುಟ್ಟ ಏಡಿಗಳನ್ನು ಕೊಡುವಾಗ, ಬಿಡಿ ಶಂಖಗಳನ್ನೂ ಒಯ್ಯಿ, ಇಲ್ಲದಿದ್ದರೆ ಮನೆಗಾಗಿ ಇವು ಹುಳುಗಳನ್ನೇ ಕೊಲ್ಲುತ್ತವೆ ಎಂದು ಲಖನ ಎಚ್ಚರಿಸಿದ. ಭಾಗ್ಯಾ ಅವಕ್ಕೆ ಬಾಡಿಗೆಮನೆಯವರು ಎಂದು ಹೆಸರಿಟ್ಟುಬಿಟ್ಟಳು.

ಚಂದದ ದೊಡ್ಡ ನಕ್ಷತ್ರಮೀನೊಂದನ್ನು ಅವನು ಮುಂದೆ ಮಾಡಿದಾಗ ಮಾತ್ರ ಅವಳು ಕೈ ಮುಗಿದಳು. "ಇರೂದ ಒಂದು ಗುಂಟೆ ಹೊಲ. ಇದನ್ನ ಒಯ್ದು ಉಪವಾಸ ಕೆಡವ್ಲೇನ್ರಿ?"

ಗಾಜಿಗೂ ಕಲ್ಲಿಗೂ ಐದು ಹುಳು, ಮರಳಿಗೆ ಮೂರು, ಏಡಿ ಎರಡು. ಅಷ್ಟನ್ನೇ ನೀರು ತುಂಬಿದ ಚೀಲದಲ್ಲಿ ಹಾಕಿಸಿ, ಮಡಿಲಲ್ಲಿಟ್ಟುಕೊಂಡು ಬಂದಳು. ಚೀಲದ ನೀರಿಗೆ ಪೆಟ್ಟಿಗೆಯ ನೀರನ್ನು ಹನಿ ಹನಿಯಾಗಿ ಬೆರೆಸುತ್ತಾ ಅರ್ಧ ಮಧ್ಯಾಹ್ನ ಕೂತಳು. "ಹೊಸಾ ಸೊಸಿ ಬಂದ್ರ ಸಾವಕಾಶ ಹೊಂದಿಸಿಕೋಬೇಕ್ರಿ," ಎಂದು ಅವಳ ಸಮಜಾಯಿಷಿ.

ಇಷ್ಟೆಲ್ಲ ಸಲೀಸು. ಕಷ್ಟವಾದದ್ದು ಉಜ್ಜದೇ ಇರುವುದು. ಗಿರಾಕಿಗಳಿಗೆ ಕಾಣುವ ಮುಂದಿನ ಗಾಜನ್ನಷ್ಟೇ ಒರೆಸುವುದು, ಉಳಿದದ್ದು ಹುಳುಗಳ ಪಾಲು ಎಂದು ತಾನೇ ಗೆರೆ ಹಾಕಿಕೊಂಡಳು. ಹಸಿರು ಮೂಡುವುದನ್ನು ಕಣ್ಣಾರೆ ಕಂಡು ಕೈಕಟ್ಟಿ ನಿಲ್ಲುವುದು ಅವಳಂಥವಳಿಗೆ ಶಿಕ್ಷೆಯೇ. ಕೈ ತುರಿಸಿದಾಗಲೆಲ್ಲ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಬೋಗುಣಿಗಳು ಸವೆದು ತೆಳ್ಳಗಾದವು ಎಂದು ರೊಟ್ಟಿಯವರು ಈಗಲೂ ಆಡಿಕೊಳ್ಳುತ್ತಾರೆ.

ಹಲವು ವಾರ ಕಳೆದ ಮೇಲೆ, ಕಸ ಗುಡಿಸಲು ಬಂದ ಒಂದು ಬೆಳಿಗ್ಗೆ, ಹವಳದ ಅಂಚಿನಲ್ಲಿ ನಾಲ್ಕಾರು ಮೊಗ್ಗು ಬಿಚ್ಚಿದ್ದವು. ಭಾಗ್ಯಾ ಹಾಕಿದ ಕೂಗಿಗೆ ಧರೆಪ್ಪ ಹಿಂದಿನ ಕೋಣೆಯ ಹಾಸಿಗೆಯಿಂದಲೇ ಓಡಿ ಬಂದರು. ಬಹಳ ಹೊತ್ತು ನೋಡಿ, ಬಡಿಗನಿಗೆ ಫೋನು ಮಾಡಿ, ಕಪಾಟನ್ನು ಹಣದ ಗಲ್ಲೆಯ ಪಕ್ಕದಲ್ಲಿ ಕೂರಿಸುವುದಕ್ಕೆ ಬೇರೆ ಅಳತೆ ಕೊಟ್ಟರು.

ಈಗ ಮಧ್ಯಾಹ್ನ. ಮೇಜುಗಳೆಲ್ಲ ಭರ್ತಿ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದ ಗಿರಾಕಿಯೊಬ್ಬರು ಪೆಟ್ಟಿಗೆಯನ್ನು ಬಗ್ಗಿ ನೋಡುತ್ತಾರೆ. "ಅಕ್ಕಾರ, ಎಲ್ಲಾ ಕಡೆ ಲಕಲಕ ಅನ್ನಾಕತ್ತೈತಿ. ಇದರ ಹಿಂದಿನ ಗಾಜ ಮಾತ್ರ ಹಸರ ಕಟ್ಟೈತಲ್ರಿ. ತಿಕ್ಕೂದು ಮರತ್ರೇನು?"

ಒಂದು ಕಾಲದಲ್ಲಿ ಈ ಮಾತಿಗೆ ಭಾಗ್ಯಾ ಭೂಮಿಗಿಳಿದು ಹೋಗುತ್ತಿದ್ದಳು. ಈಗ ಎಂಜಲು ತಾಟುಗಳ ರಾಶಿಯನ್ನು ಸೊಂಟಕ್ಕೆ ಆನಿಸಿಕೊಂಡು, ಗಾಜಿನ ಹಸಿರಿನ ನಡುವೆ ಹುಳುವೊಂದು ಮೇಯ್ದು ಬಿಟ್ಟ ತೆಳ್ಳನೆಯ ದಾರಿಯನ್ನು ಗದ್ದದಿಂದಲೇ ತೋರಿಸುತ್ತಾಳೆ.

"ಮರತಿಲ್ರಿ. ಅವರು ಇನ್ನೂ ಉಣ್ಣಾಕತ್ತಾರ. ಊಟಾ ಮುಗಿಯೂ ಮೊದಲ ತಾಟ ಎತ್ತಬಾರದಲ್ರಿ."