ಇಸ್ತ್ರಿ ಮಾಮನ ಕಹಿ

ಹೊಲಿಗೆಯಮ್ಮ ಇಸ್ತ್ರಿ ಮಾಮನನ್ನು ಮೊದಲು ಕಂಡಾಗ ಅವರು ಬಳ್ಳಿಯೊಂದನ್ನು ಕುದಿಯುವ ನೀರಿಗೆ ಅದ್ದುತ್ತ ಅದಕ್ಕೆ ಬೈಯುತ್ತಿದ್ದರು.

ಒಣಗಿಡಗಳನ್ನು ಕೂಡಿಡುವ ಆ ಕಚೇರಿಯಲ್ಲಿ ಆಕೆಗೆ ಅದು ಮೊದಲ ದಿನ. ಗಂಡ ತೀರಿಕೊಂಡ ಮೇಲೆ ಅವರಿವರ ಬಟ್ಟೆ ಹೊಲಿದು ಬದುಕಿದವಳಿಗೆ, ಗಿಡಗಳನ್ನು ದಪ್ಪ ಕಾಗದಕ್ಕೆ ಸೂಜಿದಾರದಲ್ಲಿ ಹೊಲಿದು ಕೂರಿಸುವ ಕೆಲಸ ಸಿಕ್ಕಿತ್ತು. ಹಸಿ ಗಿಡಗಳನ್ನು ಹಳೆಪೇಪರಿನ ನಡುವೆ ಒತ್ತಿ, ಒಣಗಿಸಿ, ಚಪ್ಪಟೆ ಮಾಡಿ ಕೊಡುವವರು ಅವರು. ಅದಕ್ಕೇ ಎಲ್ಲರ ಬಾಯಲ್ಲೂ ಇಸ್ತ್ರಿ ಮಾಮ.

"ಗಿಡಕ್ಕೆ ಬೈದ್ರೆ ಕೇಳಿಸುತ್ತಾ?" ಅಂದಳು.

"ಕೇಳಿಸುತ್ತೆ, ನಾಟೋದಿಲ್ಲ. ಅಮೃತಬಳ್ಳಿ ಇದು. ಪೇಪರಿನ ನಡುವೆ ಒತ್ತಿಟ್ರೂ ಚಿಗುರುತ್ತೆ. ಬಿಸಿನೀರು ಕಾಣಿಸದೆ ಇದ್ರೆ ಸಾಯೋದೇ ಇಲ್ಲ."

"ನಮ್ಮತ್ತೆ ಥರ."

ಅವರು ನಕ್ಕರು. ಕೆಮ್ಮು ಬರುವವರೆಗೂ ನಕ್ಕರು. ಆ ನಗು ಆಕೆಯ ಜೊತೆ ಮನೆಗೂ ಬಂತು.

ಮಾಮನ ಅಡುಗೆಮನೆ ಕಿಟಕಿಗೂ ಅದೇ ಬಳ್ಳಿ ಹಬ್ಬಿತ್ತು. ಹೆಂಡತಿ ಇದ್ದಾಗ ದಿನಾ ಬೆಳಗ್ಗೆ ಅದರ ಕಷಾಯ ಕಾಯಿಸಿ ಕೊಡುತ್ತಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ಇವರೇ ಕಾಯಿಸಿಕೊಳ್ಳುತ್ತಿದ್ದರು.

"ಹೆಸರಿಗೆ ಅಮೃತ, ಬಾಯಿಗಿಟ್ರೆ ಪ್ರಾಣ ಹೋಗುತ್ತೆ. ನಾನು ಮುಖ ಕಿವುಚೋದು ನೋಡಿ ನಮ್ಮನೆಯವಳು ನಗೋಳು. ಈಗ ಗೋಡೆ ಕಡೆ ತಿರುಗಿ ಕಿವುಚ್ತೀನಿ."

ಅವರು ಹೆಂಡತಿಯ ಮಾತು ತೆಗೆದರೆ ಹೊಲಿಗೆಯಮ್ಮನ ಸೂಜಿ ನಿಧಾನವಾಗುತ್ತಿತ್ತು. ಹೊಲಿಗೆ ಮುಗಿದರೆ ಮಾತೂ ಮುಗಿಯುತ್ತಿತ್ತಲ್ಲ. ತನ್ನ ಗಂಡ ನೆನಪಿಗೆ ಒಂದು ರುಚಿಯನ್ನೂ ಬಿಟ್ಟು ಹೋಗಿರಲಿಲ್ಲ. ಅದಕ್ಕೋ ಏನೋ, ಆ ಕಾಣದ ಹೆಂಗಸಿನ ಮೇಲೆ ಆಕೆಗೆ ಅಷ್ಟೊಂದು ಅಕ್ಕರೆ, ಒಂಚೂರು ಹೊಟ್ಟೆಕಿಚ್ಚು.

ಒಂದು ಬೆಳಗ್ಗೆ ಅವರು ಹಾಳೆಯೊಂದನ್ನು ಕಿಟಕಿ ಬೆಳಕಿಗೆ ಹಿಡಿದಿದ್ದಾಗ ಆಕೆ ಅವರ ಕಣ್ಣು ನೋಡಿದಳು.

"ಕಣ್ಣು ಹಳದಿ ಆಗಿದೆ ನಿಮ್ಮದು."

"ಹಳೇ ಕಾಗದ ಹಳದಿ ಆಗಲ್ವಾ?"

"ಕಾಗದ ಊಟ ಬಿಡಲ್ಲ. ನೀವು ವಾರದಿಂದ ಬುತ್ತಿ ಹಾಗೇ ವಾಪಸ್ ಒಯ್ತಿದ್ದೀರಿ. ಏಳಿ."

ಆಸ್ಪತ್ರೆಯ ಡಾಕ್ಟರಮ್ಮ ಏನೇನು ಔಷಧಿ ತಗೊಳ್ತೀರಿ ಅಂತ ಕೇಳಿದರೆ, ಏನೂ ಇಲ್ಲ ಅಂದುಬಿಟ್ಟರು. ಸುಳ್ಳು ಹೇಳುವ ಮನುಷ್ಯರಲ್ಲ.

"ಕಷಾಯ ಹೇಳಿ," ಅಂದಳು ಹೊಲಿಗೆಯಮ್ಮ.

"ಅದು ಔಷಧಿ ಅಲ್ಲ. ಅದು ನಮ್ಮನೆಯವಳದ್ದು."

ಡಾಕ್ಟರಮ್ಮ ಬರೆಯುವುದು ನಿಲ್ಲಿಸಿ ತಲೆ ಎತ್ತಿದರು. ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆದವು. ಲಿವರ್ ಊದಿಕೊಂಡಿತ್ತು, ಬೇರೆ ಕಾರಣ ಯಾವುದೂ ಸಿಗಲಿಲ್ಲ. ಕಷಾಯ ಬಿಡಿ ಅಂದರು. ಬಿಟ್ಟರು. ಹಳದಿ ಮೆಲ್ಲಗೆ ಇಳಿಯಿತು, ಹಸಿವು ಮರಳಿತು.

"ಅತಿಯಾದರೆ ಅಮೃತವೂ ವಿಷ ಅಂತಾರಲ್ಲ ಡಾಕ್ಟ್ರೇ," ಅಂದರು ಇಸ್ತ್ರಿ ಮಾಮ. "ಕಮ್ಮಿ ಕುಡೀಲಾ?"

"ಇಲ್ಲಿ ಗಾದೆ ನಡೆಯಲ್ಲ ಮಾಮ. ಎಷ್ಟೋ ಜನ ಕುಡೀತಾರೆ, ಏನೂ ಆಗಲ್ಲ. ಎಲ್ಲೋ ಕೆಲವರ ಲಿವರಿಗೆ ಸ್ವಲ್ಪ ಕುಡಿದ್ರೂ ಒಗ್ಗಲ್ಲ. ಯಾರಿಗೆ ಅಂತ ಮುಂಚೆ ಹೇಳೋಕೆ ಬರಲ್ಲ."

ಆದರೆ ಮಾಮನನ್ನು ಆಸೆ ಬಿಡಬೇಕಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೆ ಬಳ್ಳಿ ಇದೆ, ಹೂ ಕಾಯಿ ಇಲ್ಲದಾಗ ಪಳಗಿದವರೂ ಮೋಸ ಹೋಗುತ್ತಾರೆ. ಕಿಟಕಿಯದು ಅದೇ ಇದ್ದರೆ? ಸರಿಯಾದದ್ದನ್ನು ತಂದು ಮತ್ತೆ ಕುಡಿಯಬಹುದಲ್ಲ? ಮನೆಯಿಂದ ಒಂದು ತುಂಡು ಕಡಿದು ತಂದು ಒತ್ತಿ ಒಣಗಿಸಿದರು. ಅದನ್ನು ಹೊಲಿಯುವಾಗ ಹೊಲಿಗೆಯಮ್ಮ, ಇದು ಬೇರೆ ಬಳ್ಳಿಯೇ ಆಗಿರಲಪ್ಪಾ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ಗಿಡ ಗುರುತಿಸುವ ಸಾಹೇಬರು ಭೂತಗನ್ನಡಿ ಇಟ್ಟು ತುಂಬ ಹೊತ್ತು ನೋಡಿದರು.

"ಅಮೃತಬಳ್ಳಿಯೇ ಮಾಮ. ಅನುಮಾನ ಬೇಡ."

ಮುಂದಿನ ತಪಾಸಣೆಗೆ ಇಬ್ಬರೂ ಹೋದಾಗ ಮಾಮ ಕೊನೆಯ ಬಾಣ ಬಿಟ್ಟರು. "ಬಳ್ಳಿಯಿಂದಲೇ ಹೀಗಾಯ್ತು ಅಂತ ಖಾತ್ರಿನಾ?"

"ನೂರಕ್ಕೆ ನೂರು ಅನ್ನಲ್ಲ," ಅಂದರು ಡಾಕ್ಟರಮ್ಮ. "ಬಿಟ್ಟ ಮೇಲೆ ಇಳೀತು, ಬೇರೆ ಕಾರಣ ಕಾಣಲಿಲ್ಲ. ಇದಕ್ಕಿಂತ ಹೆಚ್ಚಿನ ಖಾತ್ರಿ ಬೇಕಾದ್ರೆ ಮತ್ತೆ ಕುಡಿದು ನೋಡ್ಬೇಕು. ಅದು ಮಾತ್ರ ಕೂಡದು. ಎರಡನೇ ಸಲ ಇನ್ನೂ ಜೋರಾಗಿ ಬಡೀಬಹುದು, ಜೀವಕ್ಕೇ ಕುತ್ತು."

ಹೊರಗೆ ಬಂದ ಮೇಲೆ ಮಾಮ ಗೆಲುವಾಗಿ ನಡೆಯತೊಡಗಿದರು. "ಕುಡಿದು ನೋಡ್ಬೇಕಂತೆ."

"ಜೀವಕ್ಕೆ ಕುತ್ತು ಅಂದಿದ್ದು?"

"ಅದು ಆ ಕಡೆ ಕಿವಿಗೆ ಹೇಳಿದ್ರು."

ಆಕೆ ನಗಲಿಲ್ಲ. ಆಮೇಲಿಂದ ದಿನಾ ಅವರು ಕೆಲಸಕ್ಕೆ ಬಂದ ಕೂಡಲೇ ಕಣ್ಣು ನೋಡುತ್ತಿದ್ದಳು. ಬಿಳಿ ಇದ್ದರೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವರೂ ಮಾತಿಲ್ಲದೆ ಕಣ್ಣರಳಿಸಿ ತೋರಿಸಿ ಹೋಗುತ್ತಿದ್ದರು.

ನಿವೃತ್ತಿಯ ದಿನ ಬಂತು. ಒಬ್ಬರೇ ಇರೋದು ಬೇಡ ಅಂತ ಅವರ ತಂಗಿ ದೂರದ ತನ್ನ ಮನೆಗೆ ಕರೆದಿದ್ದಳು. ಸಾಮಾನೆಲ್ಲ ಕಟ್ಟಿ ಆಗಿತ್ತು, ಮರುದಿನ ಮಧ್ಯಾಹ್ನ ಹೊರಡುವುದು. ಸಂಜೆ ಎಲ್ಲರೂ ಹೋದ ಮೇಲೆ ಮಾಮ ಆಕೆಯ ಮೇಜಿನ ಹತ್ತಿರ ಬಂದು ನಿಂತರು. ಆಕೆ ಸೂಜಿ ಕೆಳಗಿಟ್ಟಳು. ಮನೆಗೆ ಬನ್ನಿ ಎಂಬ ಒಂದು ಮಾತಿಗೆ ಎಷ್ಟು ಕಾಲದಿಂದ ಕಾದಿದ್ದಳೆಂದು ಆಕೆಗೆ ಆಗಲೇ ತಿಳಿದದ್ದು.

"ಒಲೆ ಮಾತ್ರ ಇನ್ನೂ ಕಟ್ಟಿಟ್ಟಿಲ್ಲ," ಅಂದರು. "ಕಷಾಯ ಬಿಟ್ಟ ಮೇಲೆ ಬೆಳಗ್ಗೆ ಮನೇಲಿ ಆ ವಾಸನೆ ಇಲ್ಲ. ಅವಳು ಎದ್ದಿಲ್ಲವೇನೋ ಅನ್ಸುತ್ತೆ. ಒಬ್ಬನೇ ಕಾಯಿಸಿದ್ರೆ ಕುಡಿದೇಬಿಡ್ತೀನಿ, ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ."

ಆಕೆ ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟು ಅವರ ಕಡೆ ತಿರುಗಿದಳು.

"ನಾಳೆ ಬೆಳಗ್ಗೆ ನೀವು ಬಂದು ಕಾಯಿಸಿ, ಮನೆಯೆಲ್ಲ ವಾಸನೆ ಹಿಡಿದ ಮೇಲೆ, ನಾನು ಎಷ್ಟು ಬೇಡಿದ್ರೂ ಕೊಡದೆ ಚೆಲ್ಲಿಬಿಡ್ತೀರಾ?"