ಗಾಳೆವ್ವನ ಕತೆ ಹೇಳುತ್ತಿದ್ದ ಕಾಕು

ಮೊನ್ನೆ ಸೊಸೆ ಗೋಕುಲ ರಸ್ತೆಯ ಅಂಗಡಿಯಿಂದ ಕೈಯಲ್ಲಿ ಹೊಸೆದ ಶಾವಿಗೆ ತಂದಳು. ಪೊಟ್ಟಣ ಬಿಚ್ಚಿದೊಡನೆ ಬಿಸಿಲಿಗೆ ಒಣಗಿದ ಗೋಧಿಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು. ಬೇರೇನೂ ನೆನಪಾಗಲಿಲ್ಲ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಎದುರುಮನೆಯ ಕಾಕು ನೆನಪಾದರು...

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ದೇಶಪಾಂಡೆ ನಗರದ ಮನೆಗೆ ಹೊಸ ಸೊಸೆ. ಬೇಸಿಗೆ ಬಂತೆಂದರೆ ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಶಾವಿಗೆ ಮಾಡುತ್ತಿದ್ದೆವು. ಇಳಿಜಾರಾಗಿ ಇಟ್ಟ ಮಣೆಯ ಮೇಲೆ ಕಾಕು ಕುದುರೆ ಏರಿದಂತೆ ಕೂತು ಹಿಟ್ಟು ಹೊಸೆಯುವರು. ಕೆಳಗೆ ಎಳೆ ಹಿಡಿಯುವ ಕೆಲಸ ನನ್ನದು, ಅದನ್ನು ಕೋಲಿಗೆ ಹಾಕುವುದು ಅತ್ತೆಯವರದು. ಕೈಯ ಜೊತೆಗೆ ಅವರ ಬಾಯಿಯೂ ಓಡುತ್ತಿತ್ತು. ಹೇಳುತ್ತಿದ್ದದ್ದು ಗಾಳೆವ್ವನ ಕತೆ. ಪೂರಾ ಅವರೇ ಹುಟ್ಟಿಸಿದ್ದು, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಗಾಳೆವ್ವ ಬಿರುಗಾಳಿಯಲ್ಲಿ ಹತ್ತಿಯ ಹೊಲದೊಳಗೆ ಹುಟ್ಟಿದವಳು. ಮದುವೆಯ ಹಂದರದಲ್ಲಿ ತಲೆಯ ಮೇಲಿನ ಅಕ್ಕಿಕಾಳು ಕೊಡವಿ ಎದ್ದು, ಕುರುಡು ಕುದುರೆ ಏರಿ ಓಡಿದವಳು. ಸಮುದ್ರವನ್ನು ಕಂಬಳಿಯಂತೆ ಸುತ್ತಿ ಹೆಗಲ ಮೇಲೆ ಹೊತ್ತವಳು. ಏಳು ತಲೆಯ ರಾಕ್ಷಸನಿಗೆ ಕೆಂಪು ಚಟ್ನಿ ತಿನ್ನಿಸಿ, ಅವನ ಕಣ್ಣೀರಿನಲ್ಲೇ ದೋಣಿ ತೇಲಿಸಿದವಳು! ಒಂದೊಂದು ಬೇಸಿಗೆಗೆ ಅವಳಿಗೂ ವಯಸ್ಸಾಗುತ್ತಿತ್ತು, ಕೂದಲು ನರೆಯುತ್ತಿತ್ತು. ಹೇಳುವ ಕಾಕು ಮಾತ್ರ ಧಾರವಾಡ ದಾಟಿ ಹೋದವರಲ್ಲ.

ನಮ್ಮ ಅತ್ತೆಯವರು "ಬಾಯಿ ಸಾಕು, ಕೈ ನಡೀಲಿ" ಎಂದು ಗದರುತ್ತಿದ್ದರು. ಆದರೆ ಗಾಳೆವ್ವ ಆಪತ್ತಿಗೆ ಸಿಕ್ಕಾಗಲೆಲ್ಲ ಎಳೆ ಹರಿದು ತುಂಡಾಗುತ್ತಿದ್ದದ್ದು ಅತ್ತೆಯವರ ಕೈಯಲ್ಲೇ. ಬೈಸಿಕೊಳ್ಳುತ್ತಿದ್ದವಳು ನಾನು.

ಒಂದು ಬೇಸಿಗೆ ಕಾಕುವಿನ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಯಿತು. ಮಿರಜಿನ ದೊಡ್ಡ ಆಸ್ಪತ್ರೆಗೆ ಹೋಗಿ ಆಪರೇಷನ್ ಮಾಡಿಸಬೇಕು, ಬದುಕುವುದು ಕಷ್ಟ ಎಂದರು ಡಾಕ್ಟರು. ಹೊರಡುವ ಹಿಂದಿನ ದಿನವೂ ಅವರು ಮಣೆ ಏರಿದರು. ಕತೆಯಲ್ಲಿ ಮುದುಕಿಯಾದ ಗಾಳೆವ್ವ ಸಾವಿನ ಗುಹೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಇವತ್ತ ಮುಗಿಸಿಬಿಡ್ತೇನಿ. ಒಳಗ ಹೋದಾಕಿ ಏನ ಕಂಡ್ಲಂದ್ರ..." ಎಂದರು ಕಾಕು.

ಅತ್ತೆಯವರು ಎದ್ದುಬಂದು ಹಿಟ್ಟಿನ ಕೈಯಿಂದಲೇ ಅವರ ಬಾಯಿ ಮುಚ್ಚಿದರು. "ಬ್ಯಾಡ್ರಿ. ಅರ್ಧಾ ಬಿಟ್ಟ ಕತಿ ಮುಗಸಾಕಾದ್ರೂ ನೀವು ತಿರುಗಿ ಬರಬೇಕು."

ನಾವೆಲ್ಲ ಹೌದೌದೆಂದೆವು. ಕತೆ ಉಳಿದರೆ ಹೇಳುವವಳೂ ಉಳಿಯುತ್ತಾಳೆ ಎಂಬುದು ಓಣಿಗೆ ಓಣಿಯೇ ಗಟ್ಟಿಯಾಗಿ ನಂಬಿದ ಮಾತಾಗಿತ್ತು. ಕಾಕು ಮೂಗಿನ ಮೇಲಿನ ಹಿಟ್ಟು ಒರೆಸಿಕೊಂಡು ನಕ್ಕರು. ಆಮೇಲೆ ಮೆಲ್ಲಗೆ, "ನನಗ ಹೇಳಬೇಕಂತ ಭಾಳ ಇತ್ರಿ" ಎಂದರು.

ಅವರು ತಿರುಗಿ ಬರಲಿಲ್ಲ.

ಮರುವರ್ಷ ಮತ್ತೆ ಮಣೆ ಹಾಕಿದೆವು. ಎಳೆ ಕೋಲಿಗೆ ಹಾಕುತ್ತ ಅತ್ತೆಯವರು, "ಗಾಳೆವ್ವ ಒಳಗ ಹೋದ್ಲು..." ಎಂದು ಶುರುಮಾಡಿದರು. ಅಷ್ಟರಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಆ ಗಟ್ಟಿ ಹೆಂಗಸು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ.

ಆ ಕತೆಯನ್ನು ಕಾಕುವಿನ ಬಾಯಲ್ಲೇ ಕೇಳಿದವರಲ್ಲಿ ಈಗ ಉಳಿದವಳು ನಾನೊಬ್ಬಳೇ. ಹುಟ್ಟಿನಿಂದ ಗುಹೆಯವರೆಗೆ ಒಂದಕ್ಷರ ತಪ್ಪದೆ ಮೊಮ್ಮಕ್ಕಳಿಗೆ ಹೇಳುತ್ತೇನೆ. "ಮುಂದ ಏನಾತು ಅಜ್ಜಿ?" ಎಂದು ಜೀವ ತಿನ್ನುತ್ತವೆ. ಒಂದು ಕೊನೆ ಹುಟ್ಟಿಸುವಷ್ಟು ಬಾಯಿ ನನಗೂ ಇದೆ. ಆದರೆ ಕಾಕುವಿಗೆ ನಿಜವಾದ ಕೊನೆ ಗೊತ್ತಿತ್ತು, ಹೇಳಲು ಬಾಯಿ ತೆರೆದಿದ್ದರು... ನಾವು ಕೇಳಲಿಲ್ಲ.