ಸಂಜೆಯ ಪಾಳಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆಸ್ಪತ್ರೆಯ ಆ ಕೋಣೆಗೆ ಹಸಿರು ಪರದೆ ಇತ್ತೆಂದು ನನ್ನ ನೆನಪು. ಪರದೆಯೇ ಇರಲಿಲ್ಲ, ಕಿಟಕಿಯ ಗಾಜಿಗೆ ಕಾಗದ ಅಂಟಿಸಿದ್ದರು ಎನ್ನುತ್ತಾಳೆ ನನ್ನ ತಂಗಿ. ನಾನು ದಿನಾಲೂ ಡೈರಿ ಬರೆಯುವವಳು. ಆದರೆ ಆ ವರ್ಷಗಳ ಪುಟಗಳಲ್ಲಿ ಕಾಲೇಜಿನ ಪಾಠ, ನೆಗಡಿ, ಬಸ್ಸಿನ ಗೋಳು ಬಿಟ್ಟರೆ ಏನೂ ಇಲ್ಲ. ಮುಖ್ಯವಾದದ್ದು ಕಣ್ಣೆದುರೇ ನಡೆಯುತ್ತಿದ್ದಾಗ ನಾನು ಬಸ್ಸಿನ ಬಗ್ಗೆ ಬರೆಯುತ್ತಿದ್ದೆ. ಹಾಗಾಗಿ ಇಲ್ಲಿರುವುದು ಆಮೇಲೆ ನೆನೆನೆನೆದು ಸವೆದುಹೋದ ಸಂಗತಿ. ಎಲ್ಲಿ ನನಗೆ ಖಾತ್ರಿಯಿಲ್ಲವೋ ಅಲ್ಲಿ ಹಾಗೆಂದು ಹೇಳುತ್ತೇನೆ.

ನನ್ನ ದೊಡ್ಡಪ್ಪ ಶಾಸಕರಾಗಿದ್ದರು. ಯಾವ ಕ್ಷೇತ್ರವೆಂದು ಹೇಳುವುದಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ನಮ್ಮ ಬೀಗರಿದ್ದಾರೆ, ದೊಡ್ಡಪ್ಪನಿಗೆ ಬೇಕಾದವರಿದ್ದಾರೆ. ಎಲ್ಲಿ ಮದುವೆಯಾದರೂ ಅಕ್ಕಿಕಾಳಿಗೆ, ಎಲ್ಲಿ ಸಾವಾದರೂ ಮಣ್ಣಿಗೆ ಅವರು ಹೋಗಲೇಬೇಕು. ಮದುವೆ ತಪ್ಪಿದರೆ ಮಂದಿ ಕ್ಷಮಿಸುತ್ತಾರೆ, ಮಣ್ಣು ತಪ್ಪಿದರೆ ಮುಂದಿನ ಚುನಾವಣೆಯವರೆಗೂ ನೆನಪಿಡುತ್ತಾರೆ ಎಂದು ಅವರು ನಗುತ್ತ ಹೇಳುತ್ತಿದ್ದರು. ಆದರೆ ಬರೀ ಅದಕ್ಕಾಗಿ ಹೋಗುತ್ತಿದ್ದರು ಎಂದು ನಾನು ನಂಬುವುದಿಲ್ಲ. ಸತ್ತವರ ಮನೆಯಲ್ಲಿ ಜಮಖಾನೆಯ ಅಂಚಿಗೆ ಬಹಳ ಹೊತ್ತು ಕೂತಿರುತ್ತಿದ್ದರು.

ಮುಂಜಾನೆ ಹಾಲು ಬರುವ ಮೊದಲೇ ಅವರ ಪಡಸಾಲೆ ತುಂಬುತ್ತಿತ್ತು. ಪಿಂಚಣಿ, ವರ್ಗಾವಣೆ, ಹೊಲದ ದಾರಿಯ ಜಗಳ.

“ಸಾಹೇಬ್ರ, ಕರೆಂಟಿನ ಟಿಸಿ ಸುಟ್ಟು ವಾರಾತ್ರಿ. ಊರ ತುಂಬ ಕತ್ತಲಿ,” ಎಂದು ಯಾರೋ ಅಜ್ಜ ಅಂದರೆ,

“ಕತ್ತಲಿದ್ರ ಛಲೋ ಆತಲ್ಲೋ ಯಜ್ಜಾ, ನನಗ ವೋಟ್ ಹಾಕದವರ ಮಾರಿ ನನಗ ಕಾಣೂದಿಲ್ಲ,” ಎನ್ನುತ್ತಲೇ ದೊಡ್ಡಪ್ಪ ಹೆಸ್ಕಾಂನವರಿಗೆ ಫೋನು ಹಚ್ಚುತ್ತಿದ್ದರು.

ಒಳಗೆ ದೊಡ್ಡವ್ವ ಚಹಾ ಸೋಸುತ್ತಿದ್ದಳು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಚಹಾ ಇರಲಿ, ಊಟ ಇರಲಿ, ಕಾರಿನ ಸೀಟಿರಲಿ, ಮೊದಲು ಹೊರಗಿನಿಂದ ಬಂದವರಿಗೆ, ಉಳಿದರೆ ಮನೆಯವರಿಗೆ. ದೊಡ್ಡವ್ವನ ಸ್ವಂತ ಅಕ್ಕನ ಮಗ ನೌಕರಿ ಕೇಳಲು ಬಂದಾಗಲೂ, “ಮನೀ ಮಂದಿ ಕಡೀಕ, ತಮ್ಮಾ,” ಎಂದು ದೊಡ್ಡಪ್ಪ ಅವನನ್ನು ಹೊರಗಿನವರ ಹಿಂದೆ ಕೂರಿಸಿದ್ದರು. ಮಂದಿ ಇದನ್ನು ಹೊಗಳುತ್ತಿದ್ದರು. ನಾವೂ ಹೆಮ್ಮೆಪಡುತ್ತಿದ್ದೆವು.

ಅಬಲೂರಿನ ಕಡೆ ಒಬ್ಬರ ಮಣ್ಣಿಗೆ ಹೋಗಿಬಂದ ದಿನ ದೊಡ್ಡಪ್ಪ ನನ್ನನ್ನು ಕರೆದರು. ಸತ್ತವರು ಕಿಡ್ನಿ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರಂತೆ. ವಾರವಾರ ಹುಬ್ಬಳ್ಳಿಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. “ರೋಗಕ್ಕಲ್ಲ, ದಾರಿಗೆ ಸತ್ತರ್ರಿ ನಮ್ಮ ಮನಿಯವರು,” ಎಂದು ಅವರ ಹೆಂಡತಿ ಅಂದಿದ್ದಳಂತೆ. ನಮ್ಮ ತಾಲೂಕಿನ ಆಸ್ಪತ್ರೆಗೇ ಆ ಮಷೀನು ತರಿಸಬೇಕು, ಸದನದಲ್ಲಿ ಪ್ರಶ್ನೆ ಹಾಕುತ್ತೇನೆ, ನೀನು ಬರೆದುಕೊಡು ಎಂದರು. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನನಗೆ ಮನೆಯಲ್ಲಿದ್ದ ಉಪಯೋಗ ಅದೊಂದೇ, ದೊಡ್ಡಪ್ಪನ ಮಾತನ್ನು ವಿಧಾನಸೌಧದ ಕನ್ನಡಕ್ಕೆ ತಿರುಗಿಸುವುದು.

ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರು ತಾಲೀಮು ಮಾಡುತ್ತಿದ್ದರು. “ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?”

ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಮಂತ್ರಿಯಾಗುತ್ತಿದ್ದಳು. “ಬಂದಿದೆ. ಪರಿಶೀಲನೆಯಲ್ಲಿದೆ. ಕುಂಡರ್ರಿ.”

“ಏ, ಮಂತ್ರಿ ಕುಂಡರ್ರಿ ಅನ್ನೂದಿಲ್ಲ. ಅದನ್ನ ಅನ್ನೂದು ಸಭಾಧ್ಯಕ್ಷರು.”

“ಹಂಗಾರ ನಾನ ಸಭಾಧ್ಯಕ್ಷರು. ಕುಂಡರ್ರಿ, ರೊಟ್ಟಿ ಆರಾಕತ್ತಾವು.”

ಒಂದೇ ಪ್ರಶ್ನೆಗೆ ಮಷೀನು ಬರಲಿಲ್ಲ. ಬೆಂಗಳೂರಿನ ಅಧಿವೇಶನ, ಬೆಳಗಾವಿಯ ಅಧಿವೇಶನ, ಮತ್ತೆ ಬೆಂಗಳೂರು. ಈ ನಡುವೆ ದೊಡ್ಡವ್ವನ ಪಾದಗಳು ಊದಿಕೊಳ್ಳತೊಡಗಿದವು. ದಿನವೆಲ್ಲ ಒಲೆಯ ಮುಂದೆ ನಿಲ್ಲುವುದಕ್ಕೆ ಎಂದುಕೊಂಡೆವು. ಹುಬ್ಬಳ್ಳಿಯ ಡಾಕ್ಟರು ನೋಡುವ ಹೊತ್ತಿಗೆ ಅವಳ ಎರಡೂ ಕಿಡ್ನಿ ಬಹುಪಾಲು ಹೋಗಿದ್ದವು. ಈ ಅನುಕ್ರಮದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಪ್ರಶ್ನೆ ಮೊದಲು, ಅವಳ ರೋಗ ಆಮೇಲೆ. ಆದರೆ ಮಷೀನುಗಳು ಬಂದು ಉದ್ಘಾಟನೆಯಾದಾಗ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬೇರೆಯೇ ಮಾತು ಹುಟ್ಟಿತ್ತು: ಹೆಂಡತಿಯ ಸಲುವಾಗಿ ಸರ್ಕಾರದ ಮಷೀನು ತಂದಾನ.

ಆ ಮಾತು ದೊಡ್ಡಪ್ಪನಿಗೆ ಬಹಳ ಚುಚ್ಚಿತು. ಎಂದೂ ಊಟ ಬಿಡದವರು ಆ ದಿನ ತಾಟಿನ ಮುಂದಿನಿಂದ ಎದ್ದು ಹೋದರು.

ಇನ್ನು ಮುಂದಿನದು ನನಗೆ ಖಾತ್ರಿಯಿಲ್ಲದ ಭಾಗ. ಅಂಗಳದ ಕರಿಬೇವಿನ ಗಿಡದ ಹತ್ತಿರ ನಿಂತು ದೊಡ್ಡಪ್ಪ ಫೋನಿನಲ್ಲಿ, “ಮನೀ ಮಂದೀನ್ನ ಕಡೀಕ ಹಾಕ್ರಿ, ಡಾಕ್ಟ್ರ,” ಎಂದದ್ದನ್ನು ನಾನು ಕೇಳಿದ್ದೇನೆ. ಕೇಳಿದ್ದೇನೆಯೇ? ಆ ಮಾತನ್ನು ಅವರ ಬಾಯಿಂದ ಅಷ್ಟು ಸಲ ಕೇಳಿದ್ದೇನೆಂದರೆ, ಮನಸ್ಸು ತಾನೇ ಅದನ್ನು ತಂದು ಆ ಫೋನಿಗೆ ಸೇರಿಸಿರಲೂಬಹುದು. ದೊಡ್ಡವ್ವನ ಪಾಳಿ ಸಂಜೆಗೆ ಬಂತು ಎಂಬುದು ಮಾತ್ರ ನಿಜ. ದಿನಕ್ಕೆ ಮೂರು ಪಾಳಿ. ಮುಂಜಾನೆ, ಮಧ್ಯಾಹ್ನ, ಸಂಜೆ. ಸಂಜೆಯದು ಕಡೆಯದು.

ಅವಳ ಜೊತೆ ನಾನು ಹೋಗಿ ಕೂರುತ್ತಿದ್ದೆ. ಮಧ್ಯಾಹ್ನದ ಪಾಳಿಯಲ್ಲಿ ಹುಲಗೂರಿನಿಂದ ಬಳೆ ಮಾರುವ ಹೆಣ್ಣುಮಗಳೊಬ್ಬಳು ಬರುತ್ತಿದ್ದಳು. ಒಂದು ದಿನ ದೊಡ್ಡವ್ವ ಬೇಗ ಬಂದು ಬಾಕಿನ ಮೇಲೆ ಕೂತಿದ್ದನ್ನು ಕಂಡು, ಹಾಸಿಗೆ ಏರುತ್ತಿದ್ದವಳು ಇಳಿದಳು.

“ಅಕ್ಕಾ, ನಿಮಗ ದಮ್ಮು ಹತ್ತೈತಿ. ನೀವು ಮಲ್ಕೋರಿ, ನಾ ಸಂಜೀಕ ಮಾಡಿಸ್ಕೋತೇನಿ.”

“ಹುಚ್ಚಿ, ನಿನ್ನ ಬಸ್ಸು ಹೋಗತೈತಿ. ನನಗ ಕಾರ್ ಐತಿ. ಕಾರಿಗೆ ಟೈಮ್ ಎಲ್ಲಿ ಐತಿ?”

“ಎಮ್ಮೆಲ್ಲೆ ಹೆಂಡ್ತಿ ಬಾಕಿನ ಮ್ಯಾಲ, ಬಳಿ ಮಾರಾಕಿ ಪಲ್ಲಂಗದ ಮ್ಯಾಲ! ನೋಡಿದವರು ನನ್ನ ಬೈತಾರ್ರಿ.”

“ನೋಡಿದವರು ನನ್ನ ಹೊಗಳ್ತಾರ. ಮಲ್ಕೋ, ನನ್ನ ಹೆಸರ ಕೆಡಸಬ್ಯಾಡ.” ಇಬ್ಬರೂ ನಕ್ಕರು. ದೊಡ್ಡವ್ವನಿಗೆ ನಗು ಕೆಮ್ಮಾಯಿತು.

ಸಂಜೆಯ ಪಾಳಿಗೆ ಬೇರೆ ಟೆಕ್ನಿಷಿಯನ್ ನೇಮಕವಾಗಿರಲಿಲ್ಲ. ಮುಂಜಾನೆಯಿಂದ ದುಡಿದವನೇ ಅದನ್ನೂ ನೋಡಬೇಕಿತ್ತು, ಹಾವೇರಿಯ ಕಡೆಯ ಬಸ್ಸನ್ನೂ ಹಿಡಿಯಬೇಕಿತ್ತು. ಮುಂಚಿನ ಪಾಳಿಗಳು ತಡವಾದಷ್ಟೂ ಸಂಜೆಯ ಹೊತ್ತು ಮೊಟಕಾಗುತ್ತಿತ್ತು. ರಕ್ತ ತೊಳೆಯುವುದು ಪೂರ್ತಿಯಾಗುವ ಮೊದಲೇ ಸೂಜಿ ತೆಗೆಯುತ್ತಿದ್ದ. ಅವನನ್ನು ದೂರಲಾರೆ. ಬಿಚ್ಚುವಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. “ಇರಲಿ ಬಿಡಪಾ, ನಿನಗೂ ಮನಿ ಐತಿ,” ಎನ್ನುತ್ತಿದ್ದಳು ದೊಡ್ಡವ್ವ. ಮನೆಗೆ ಬಂದರೆ ಅವಳಿಗೆ ಅಂಗಾತ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ಎರಡು ತಲೆದಿಂಬು ಇಟ್ಟುಕೊಂಡು ಕೂತೇ ಕಣ್ಣು ಮುಚ್ಚುತ್ತಿದ್ದಳು. ಮುಂಜಾನೆ ಎದ್ದು ಮತ್ತೆ ಮಂದಿಗೆ ಚಹಾ. ನೀರು ಅಳೆದು ಕುಡಿಯಬೇಕಿದ್ದ ಅವಳು ತಾನು ಮಾಡಿದ ಚಹಾವನ್ನು ಒಂದು ಗುಟುಕೂ ಕುಡಿಯುವಂತಿರಲಿಲ್ಲ. ಸಕ್ಕರೆ ಸರಿಯಾಗಿದೆಯೇ ಎಂದು ನನ್ನನ್ನು ಕೇಳುತ್ತಿದ್ದಳು.

ಆ ಸಲ ಬೆಳಗಾವಿಯ ಅಧಿವೇಶನಕ್ಕೆ ದೊಡ್ಡಪ್ಪ ಇನ್ನೊಂದು ಪ್ರಶ್ನೆ ಬರೆಸಿದರು. ತಾಲೂಕು ಆಸ್ಪತ್ರೆಯಲ್ಲಿ ಖಾಲಿ ಇರುವ ಟೆಕ್ನಿಷಿಯನ್ ಹುದ್ದೆಯನ್ನು ಯಾವಾಗ ತುಂಬುತ್ತೀರಿ ಎಂದು, ಅಷ್ಟೇ. ಕಲಾಪವನ್ನು ನಾನು, ದೊಡ್ಡವ್ವ ಟಿವಿಯಲ್ಲಿ ನೋಡುತ್ತಿದ್ದೆವು. ಮಂತ್ರಿಗಳು ಓದಿ ಹೇಳಿದ ಉತ್ತರಕ್ಕೆ ತೃಪ್ತರಾಗದೆ ದೊಡ್ಡಪ್ಪ ಮತ್ತೆ ಎದ್ದರು. ಕೈಯಲ್ಲಿ ಕಾಗದವಿರಲಿಲ್ಲ.

“ಮಾನ್ಯ ಸಭಾಧ್ಯಕ್ಷರೇ, ಸಂಜೆ ಪಾಳಿಯವರನ್ನು ಅರ್ಧಕ್ಕೇ ಎಬ್ಬಿಸುತ್ತಾರೆ. ಅವರ ಕಾಲಿನ ಬಾವು ಇಳಿಯುವುದಿಲ್ಲ. ಮಲಗಿದರೆ ದಮ್ಮು. ಗೋಡೆಗೆ ದಿಂಬು ಇಟ್ಟುಕೊಂಡು ಕೂತೇ ಬೆಳಗು ಮಾಡುತ್ತಾರೆ. ಇದನ್ನು ಯಾರಾದರೂ ನೋಡಿದ್ದೀರೇನು?”

ಇದು ನಾನು ಬರೆದುಕೊಟ್ಟದ್ದಲ್ಲ. ನಾನು ದೊಡ್ಡವ್ವನ ಕಡೆ ನೋಡಿದೆ. ಅವಳು ಟಿವಿಯಿಂದ ಕಣ್ಣು ತೆಗೆಯಲಿಲ್ಲ.

“ಛಲೋ ಮಾತಾಡಿದ್ರು,” ಎಂದಳು. “ಎಲ್ಲೂ ತಡವರಿಸಲಿಲ್ಲ ನೋಡು.”

ಹುದ್ದೆಯನ್ನು ಶೀಘ್ರವೇ ತುಂಬುವುದಾಗಿ ಮಂತ್ರಿಗಳು ಹೇಳಿದರು. ದೊಡ್ಡಪ್ಪ ಊರಿಗೆ ಬಂದರು. ಪಾಳಿ ಬದಲಾಗಲಿಲ್ಲ. ಅವರು ಬದಲಿಸಿ ಎನ್ನಲಿಲ್ಲ, ಅವಳೂ ಕೇಳಲಿಲ್ಲ.

ಒಂದು ಮುಂಜಾನೆ ದೊಡ್ಡಪ್ಪ ಚಿಕ್ಕೇರೂರಿಗೆ ಯಾರದೋ ಮಣ್ಣಿಗೆ ಹೊರಟುಹೋಗಿದ್ದರು. ಅಡುಗೆಮನೆಯಲ್ಲಿ ದೊಡ್ಡವ್ವ ಉಸಿರಿಗೆ ಒದ್ದಾಡತೊಡಗಿದಳು. ಶ್ವಾಸಕೋಶಕ್ಕೆ ನೀರು ತುಂಬಿತ್ತು. ಪಡಸಾಲೆಯಲ್ಲಿದ್ದ ಮಂದಿಯೇ ಎತ್ತಿ ಆಂಬುಲೆನ್ಸಿಗೆ ಹಾಕಿದರು. ಹುಬ್ಬಳ್ಳಿಯ ದಾರಿಯಲ್ಲಿ, ಶಿಗ್ಗಾಂವಿ ದಾಟುವ ಮುಂಚೆಯೇ ಅವಳ ಕೈ ನನ್ನ ಕೈಯಲ್ಲಿ ಸಡಿಲಾಯಿತು. ನನ್ನ ಕೈಯಲ್ಲೋ, ತಂಗಿಯ ಕೈಯಲ್ಲೋ. ತಂಗಿ ತನ್ನದೇ ಎನ್ನುತ್ತಾಳೆ.

ಅವಳ ಮಣ್ಣಿಗೆ ನಾಲ್ಕೂ ತಾಲೂಕಿನ ಮಂದಿ ಬಂದರು. ಸವಣೂರಿನಿಂದ ಟೋಪಿ ಹಾಕಿದ ಹಿರಿಯರು ಬಂದು ಸಾಲಾಗಿ ನಿಂತು ಮಣ್ಣು ಹಾಕಿದರು. ಹಾನಗಲ್ಲಿನ ಒಬ್ಬರು, “ನಮ್ಮ ಅಪ್ಪ ಹೋದಾಗ ಸಾಹೇಬ್ರು ಬಂದಿದ್ರು,” ಎಂದು ನನಗೇ ಎರಡೆರಡು ಸಲ ಹೇಳಿದರು. ಹುಲಗೂರಿನ ಹೆಣ್ಣುಮಗಳು ಬಾಗಿಲ ಹೊರಗೇ ಕೂತಿದ್ದಳು. ಒಳಗೆ ಬಾ ಎಂದರೆ ತಲೆಯಾಡಿಸಿದಳು. “ಬಸ್ಸು ತಪ್ಪಿದ್ರ ತಪ್ಪಲಿ ಅಂತ ನಾ ಹಟಾ ಮಾಡಬೇಕಿತ್ತು ತಂಗಿ,” ಎಂದಳು.

ಬಂದವರಿಗೆಲ್ಲ ದೊಡ್ಡಪ್ಪ ಒಂದೇ ಮಾತು ಹೇಳುತ್ತಿದ್ದರು: “ಆಕಿನ ಹೇಳಿದ್ಲು, ನಾ ಕಡೀಕ ಇರ್ತೇನಿ ಅಂತ.” ಕೇಳಿದವರು ಕಣ್ಣೊರೆಸಿಕೊಂಡು ಅವಳನ್ನು ದೇವರಂಥಾಕಿ ಎನ್ನುತ್ತಿದ್ದರು. ಆಕೆ ಹಾಗೆ ಹೇಳಿರಬಹುದು. ಬಾಕಿನ ಮೇಲೆ ಕೂತು ಅಂಥದೇ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನಲ್ಲ. ಆದರೆ ದೊಡ್ಡಪ್ಪನಿಗೆ ಹೇಳಿದ್ದು ಆ ಫೋನಿಗಿಂತ ಮೊದಲೋ ಆಮೇಲೋ ಎಂದು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಸಂಜೆಯ ಟೆಕ್ನಿಷಿಯನ್ ಈಗ ಬಂದಿದ್ದಾನೆ. ಸಂಜೆಯವರಿಗೂ ಪೂರ್ತಿ ಹೊತ್ತು ಸಿಗುತ್ತದೆ. ಅದು ದೊಡ್ಡಪ್ಪನ ಕೆಲಸ. ಅದನ್ನು ಯಾರೂ ಅಲ್ಲಗಳೆಯಲಾರರು, ನಾನೂ.

ಮೊನ್ನೆ ಹೋದಾಗ ಪಡಸಾಲೆಯಲ್ಲಿ ಅವರೊಬ್ಬರೇ ಇದ್ದರು. ಕಾಲೇಜು ಹೇಗೆ ನಡೆದಿದೆ ಎಂದು ಕೇಳಿದರು. ಹೇಳಿದೆ. ಆಮೇಲೆ, ಇಷ್ಟು ದಿನ ಬಾಯಿಗೆ ಬಂದು ನಿಲ್ಲುತ್ತಿದ್ದುದನ್ನು ಕೇಳಿಬಿಟ್ಟೆ. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಹೊರಗೆ ಯಾರೋ “ಸಾಹೇಬ್ರ” ಎಂದು ಕರೆದರು. ಅವರು ಎದ್ದು ಹೋದರು. ಆ ಬಳಿಕ ಎರಡು ಸಲ ಫೋನು ಮಾಡಿದ್ದಾರೆ, ಬೇರೆ ಏನೇನೋ ಮಾತಾಡಿದ್ದಾರೆ.

ನಾನು ಕೇಳಿದ್ದು ಇಷ್ಟೇ: “ದೊಡ್ಡಪ್ಪಾ, ಆಕಿ ಗ್ವಾಡಿಗೆ ದಿಂಬ ಇಟಗೊಂಡು ಕುಂತಿರೂದನ್ನ ನೀವು ನೋಡಿದ್ರಿ. ಒಂದ ದಿನಾನೂ ಆಕಿನ್ನ ಮುಂಜಾನಿ ಪಾಳಿಗೆ ಕಳಸಬೇಕು ಅಂತ ನಿಮಗ ಅನ್ನಿಸಲಿಲ್ಲೇನ್ರಿ?”